ಎರಡನೇ ಭಾಗಕ್ಕೆ ಬಸಪ್ಪನ ಅಪ್ಪಣೆ

ಮಹೇಂದ್ರ ರಾಮನಗರದ ಬೈಕ್ ಶೋರೂಮೊಂದರಲ್ಲಿ ಸರ್ವೀಸ್ ಅಡ್ವೈಸರ್. ಗಾಡಿ ಗೇಟಿನೊಳಗೆ ಬರುವ ಸದ್ದಿನಲ್ಲೇ ಅದರ ರೋಗ ಹಿಡಿದು, "ಚೈನ್ ಸೆಟ್ ಹಾಕ್ಸಿ ಸಾರ್, ಇಲ್ದಿದ್ರೆ ನಡುರಸ್ತೇಲಿ ಕೈ ಕೊಡ್ತದೆ" ಎಂದು ತೀರ್ಪು ಕೊಡುವ ಗಟ್ಟಿಗ. ಪರರ ಬೈಕಿನ ವಿಷಯದಲ್ಲಿ ಇಷ್ಟು ಖಡಕ್ಕಾದ ಮನುಷ್ಯ ಸ್ವಂತ ವಿಷಯ ಬಂದರೆ ಡಬಲ್ ಸ್ಟ್ಯಾಂಡ್ ಹಾಕಿ ನಿಂತುಬಿಡುತ್ತಿದ್ದ. ಹೋಟೆಲಿನಲ್ಲಿ ಸೆಟ್ ದೋಸೆಯೋ ಖಾಲಿ ದೋಸೆಯೋ ಎಂದು ಅವನು ಯೋಚಿಸಿ ಮುಗಿಸುವಷ್ಟರಲ್ಲಿ ಹಿಟ್ಟು ಮುಗಿದಿರುತ್ತಿತ್ತು. ಕೊನೆಗೆ ಅವನಿಗೆ ಸಿಗುತ್ತಿದ್ದದ್ದು ಖಾಲಿ ಮಾತ್ರ, ದೋಸೆ ಇಲ್ಲ.

ಇಂಥವನ ಕೈಗೆ ಒಂದು ಆಟ ಸಿಕ್ಕಿತು. ಟಿ.ವಿ.ಗೆ ಸಿಕ್ಕಿಸಿ ಆಡುವಂಥದ್ದು. ಹೆಸರು 'ಥಾರ್ನ್‌ಗಾರ್ಡ್'. ಕತ್ತಿ, ಡ್ರಾಗನ್, ಶಾಪ ತಟ್ಟಿದ ಕೋಟೆ, ಅಳುವ ರಾಣಿ, ಎಲ್ಲ ಉಂಟು. ಅದರೊಳಗೆ ನಮ್ಮವನು ಸರ್ ಮಹೇಂದ್ರ. ಮೈತುಂಬ ಕಬ್ಬಿಣ, ಕೆಳಗೆ ಕರಿಯ ಎಂಬ ಕಪ್ಪು ಕುದುರೆ. ಆ ಲೋಕದ ಹಳ್ಳಿಗರು ಬಂದು "ಎಡದಾರಿಯೋ ಬಲದಾರಿಯೋ ಪ್ರಭು?" ಎಂದು ಕೇಳಿದರೆ, ಸರ್ ಮಹೇಂದ್ರ ಕಣ್ಣು ಮಿಟುಕಿಸದೆ ದಾರಿ ತೋರಿಸುತ್ತಿದ್ದ. ಗುಂಡಿ ಒತ್ತಿದರೆ ನಿರ್ಧಾರ! ಜೀವಮಾನವಿಡೀ ದೋಸೆ ಆರಿಸಲಾಗದವನಿಗೆ ಇದಕ್ಕಿಂತ ದೊಡ್ಡ ಸ್ವರ್ಗ ಬೇಕೆ?

ಆದರೆ ಕೈಲಾಂಚದ ಕಡೆಯ ಹಳ್ಳಿಯೊಂದರಲ್ಲಿ, ತಂದೆ ತೀರಿಕೊಂಡ ಮೇಲೆ ಯಜಮಾನನ ಪಟ್ಟಕ್ಕೇರಿದ, ಮೂವತ್ತು ದಾಟಿದ ಗಂಡಸು ಕೂತು ರಾಕ್ಷಸರ ಜೊತೆ ಹೊಡೆದಾಡುತ್ತಾನೆಂದರೆ ಮರ್ಯಾದೆಯ ಮಾತೆ? ಮಹೇಂದ್ರ ಉಪಾಯ ಹುಡುಕಿದ. ತಾಯಿ ಅಂಕಮ್ಮ ರೇಷ್ಮೆ ಹುಳ ಸಾಕುತ್ತಾಳೆ. ಹುಳದ ಮನೆಗೆ ಹೊರಗಿನವರು ಕಾಲಿಡುವಂತಿಲ್ಲ, ಸೋಂಕು ತಗಲುತ್ತದೆ. ರಾಜನ ಅಂತಃಪುರಕ್ಕೂ ಇಲ್ಲದ ಕಾವಲು ಹುಳದ ಮನೆಗೆ. ಅದರ ಪಕ್ಕದ ಸೊಪ್ಪಿನ ರೂಮಿಗೆ ಹಳೆಯ ಟಿ.ವಿ. ಸಾಗಿಸಿ, "ಕಂಪ್ನಿಯೋರ ಆನ್‌ಲೈನ್ ಟ್ರೈನಿಂಗು ಕಣವ್ವ, ಪ್ರಮೋಷನ್ ಬತ್ತದೆ" ಎಂದುಬಿಟ್ಟ.

ಅಂಕಮ್ಮ ಊರಿಗೆಲ್ಲ ಸಾರಿದಳು. ಹುಳ ಹಿಪ್ಪುನೇರಳೆ ಸೊಪ್ಪು ಮೇಯುವ ಸರಸರ ಸದ್ದಿನ ನಡುವೆ ಖಣಖಣ ಕತ್ತಿಯ ಸದ್ದೂ ಕೇಳುತ್ತಿತ್ತು. ಪಕ್ಕದ ಮನೆ ನಾಗಲಕ್ಷ್ಮಮ್ಮ ಗೋಡೆಗೆ ಕಿವಿ ಕೊಟ್ಟು ಕೇಳಿ, "ಪಾರ್ಟು ಬಿಚ್ಚಿ ಬಿಚ್ಚಿ ಕಲೀತಾವ್ನೆ, ಪಾಪ" ಎಂದು ಲೊಚಗುಟ್ಟಿ, ತನ್ನ ಮಗನಿಗೆ ಬೈಯುತ್ತಿದ್ದಳು: "ಮಯೇಂದ್ರನ್ನ ನೋಡ್ ಕಲೀಲಾ! ಹುಳದ್ ಜತೆ ಹುಳ ಆಗಿ ದುಡೀತಾವ್ನೆ!"

ನಿಜ ಗೊತ್ತಿದ್ದವಳು ಹೆಂಡತಿ ಭಾನುಪ್ರಿಯ ಒಬ್ಬಳೇ. ಅವಳು ಯಾರಿಗೂ ಹೇಳಲಿಲ್ಲ. ಗಂಡನ ಮೂಗುದಾರ ಸುಮ್ಮನೆ ಕೈಯಲ್ಲಿದ್ದರೆ ಸಾಕು, ಎಳೆಯುವ ಅಗತ್ಯವಿಲ್ಲ ಎಂಬುದು ಅವಳ ಸಿದ್ಧಾಂತ.

ಹೀಗಿರುವಾಗ ಥಾರ್ನ್‌ಗಾರ್ಡಿನ ಎರಡನೇ ಭಾಗ ಬಂತು.

ರಾಮನಗರದ ಸ್ಟೇಷನ್ ರಸ್ತೆಯಲ್ಲಿ ಮೊಬೈಲ್ ರಿಪೇರಿ, ಆಟದ ಡಿಸ್ಕು ಎರಡೂ ಇಟ್ಟುಕೊಂಡಿರುವ ಗೆಳೆಯ ಅಕ್ರಮ್ ಫೋನು ಮಾಡಿದ. "ಮಹೇಂದ್ರ ಭಾಯ್, ಮಾಲು ಬಂದದೆ. ನಿಂಗೇಂತ ಒಂದ್ ಎತ್ತಿ ಮಡ್ಗಿದ್ದೀನಿ. ಬೇಕಾ?"

"ಬೇಕು... ಅಂದ್ರೆ... ಬೇಕಾ?"

"ಅದನ್ನೇ ತಾನೆ ನಾನ್ ಕೇಳಿದ್ದು!"

ಮಹೇಂದ್ರನ ಸಂಕಟ ಸಣ್ಣದಲ್ಲ. ಇಂಟರ್‌ನೆಟ್ಟಿನಲ್ಲಿ ಆಡಿದವರಲ್ಲಿ ಅರ್ಧ ಜನ 'ಅಮೋಘ' ಎಂದಿದ್ದರು. ಉಳಿದರ್ಧ 'ಮೊದಲನೆಯದರ ಮಾನ ಕಳೆದಿದ್ದಾರೆ' ಎಂದಿದ್ದರು. ಎರಡನೇ ಭಾಗದಲ್ಲಿ ಕರಿಯ ಇಲ್ಲವಂತೆ. ಕಬ್ಬಿಣದ ಅಂಗಿಯನ್ನೂ ಕಿತ್ತುಕೊಂಡು, ಕೈಗೊಂದು ಮರದ ಕೋಲು ಕೊಟ್ಟು, ಮೊದಲಿನಿಂದ ಶುರುಮಾಡು ಎನ್ನುತ್ತಾರಂತೆ. ಕೊಂಡು ಮೊದಲ ಭಾಗದ ನೆನಪು ಕೆಡಿಸಿಕೊಳ್ಳುವುದೋ, ಕೊಳ್ಳದೆ ಈಗಿನ ನೆಮ್ಮದಿ ಕೆಡಿಸಿಕೊಳ್ಳುವುದೋ? ನಮ್ಮ ಕಡೆ ಭಾಗ ಎಂದ ಕೂಡಲೇ ಅಣ್ಣತಮ್ಮಂದಿರ ಮನಸ್ಸು ಒಡೆಯುವುದು ರೂಢಿ. ಆದರೆ ಒಬ್ಬನದೇ ಮನಸ್ಸು ಎರಡು ಭಾಗವಾದದ್ದನ್ನು ನಾವು ನೋಡಿದ್ದು ಇದೇ ಮೊದಲು.

ಶೋರೂಮಿನಲ್ಲಿ ಗಿರಾಕಿಯೊಬ್ಬರು, "ಈ ಗಾಡಿ ಕೊಟ್ಟು ಹೊಸಾ ಮಾಡೆಲ್ ತಗೊಳ್ಳದಾ?" ಎಂದು ಕೇಳಿದರು. ಮಹೇಂದ್ರ ಗದ್ಗದಿತನಾಗಿ, "ಹಳೇದು ಇಷ್ಟೆಲ್ಲ ಸುಖ ಕೊಟ್ಟಿರೋವಾಗ ಹೊಸದ್ರ ಮುಖ ಹೆಂಗ್ ಸಾರ್ ನೋಡೋದು?" ಎಂದ. ಗಿರಾಕಿ ಅವನ ಕೈ ಕುಲುಕಿ ಹಳೆಯ ಗಾಡಿಯಲ್ಲೇ ಹೋದರು. ಮ್ಯಾನೇಜರು ಮಾತ್ರ ಕೈ ಕುಲುಕಲಿಲ್ಲ.

ಇದೇ ಹೊತ್ತಿಗೆ ತಂಗಿ ಅಮೂಲ್ಯಳಿಗೆ ಗಂಡು ಕೂಡಿಬಂದಿತ್ತು. ಅವಳು ಚನ್ನಪಟ್ಟಣದ ಶಾಲೆಯೊಂದರಲ್ಲಿ ಟೀಚರು. ಗಂಡು ಸೋಲೂರಿನ ದೀಪು, ದನದ ಆಸ್ಪತ್ರೆಯಲ್ಲಿ ಕೆಲಸ. ಹುಡುಗ ಹುಡುಗಿ ಒಪ್ಪಿದ್ದರು, ಒಪ್ಪಿದ್ದರು ಎಂದರೆ ದಿನಾ ಫೋನಿನಲ್ಲಿ ಒಪ್ಪುತ್ತಲೇ ಇದ್ದರು. ಉಳಿದದ್ದು ಬಸಪ್ಪನ ಅಪ್ಪಣೆ ಒಂದೇ.

ನಮ್ಮೂರ ದೇವತೆ ಗುಡ್ಡದಮ್ಮನಿಗೆ ಬಿಟ್ಟ ಬಸಪ್ಪ ಸಾಮಾನ್ಯ ಎತ್ತಲ್ಲ. ಮನೆಯ ಯಜಮಾನ ಮಂಡಿಯೂರಿ, ಅಂಗೈ ಎರಡನ್ನೂ ಚಾಚಿ, ಮನಸ್ಸಿನಲ್ಲೇ ಕೇಳಿಕೊಳ್ಳಬೇಕು. ಬಾಯಿ ಬಿಡುವಂತಿಲ್ಲ. ಒಪ್ಪಿಗೆಯಾದರೆ ಬಸಪ್ಪ ಮುಂಗಾಲೆತ್ತಿ ಅಂಗೈ ಮೇಲೆ ಪಾದ ಇಡುತ್ತದೆ. ಭಾರ ಹಾಕದೆ, ಹೂವಿನಂತೆ. ಇಲ್ಲವಾದರೆ ಮುಖ ತಿರುಗಿಸಿ ಹೋಗುತ್ತದೆ. ಒಂದು ಮನೆಗೆ ಒಂದೇ ಅಪ್ಪಣೆ. ಮತ್ತೆ ಕೇಳಬೇಕಾದರೆ ಮುಂದಿನ ಯುಗಾದಿ ಬರಬೇಕು. ಇದು ಕಟ್ಟಳೆ. ಬಸಪ್ಪನನ್ನು ನೋಡಿಕೊಳ್ಳುವ ದೊಡ್ಡಹನುಮಯ್ಯ ಈ ಕಟ್ಟಳೆಯಲ್ಲಿ ಸುಪ್ರೀಂ ಕೋರ್ಟಿಗಿಂತ ಬಿಗಿ.

ಅಂದು ಬೆಳಗ್ಗೆ ಅಂಗಳ ಸಾರಿಸಿ ರಂಗೋಲಿ ಬಿಟ್ಟಿದ್ದರು. ಬಸಪ್ಪ ಗೆಜ್ಜೆ ಘಲ್ಲೆನಿಸುತ್ತ ಬಂದು ನಿಂತಿತು. ಮಹೇಂದ್ರ ಪಂಚೆಯುಟ್ಟು, ಹೆಗಲಿಗೆ ಟವೆಲ್ ಹಾಕಿ, ಮಂಡಿಯೂರಿ ಅಂಗೈ ಚಾಚಿದ. ಅಂಕಮ್ಮ ಕಣ್ಣು ಮುಚ್ಚಿದಳು. ಬಾಗಿಲ ಮರೆಯಲ್ಲಿ ಅಮೂಲ್ಯ ಉಸಿರು ಬಿಗಿಹಿಡಿದಳು.

"ಕೇಳ್ಕಳಪ್ಪ" ಎಂದ ದೊಡ್ಡಹನುಮಯ್ಯ.

ಮಹೇಂದ್ರ, 'ಬಸಪ್ಪ, ನನ್ನ ತಂಗಿ...' ಎಂದು ಮನಸ್ಸಿನಲ್ಲಿ ಶುರುಮಾಡಿದ್ದು ನಿಜ. ಅಷ್ಟರಲ್ಲಿ ಅಂಗಿಯ ಜೇಬಿನಲ್ಲಿದ್ದ ಫೋನು 'ಝುಂಯ್' ಎಂದು ಎದೆಗೇ ಗುದ್ದಿತು. ಕಣ್ಣು ಕೆಳಗೆ ಹೋಯಿತು. ತೆಳು ಜೇಬಿನೊಳಗಿಂದ ಅಕ್ರಮನ ಸಂದೇಶ ಹೊಳೆಯಿತು: 'ಬೇರೆ ಗಿರಾಕಿ ಬಂದು ನಿಂತವ್ನೆ. ಲಾಸ್ಟ್ ಚಾನ್ಸ್. ತಗೋತೀಯಾ ಇಲ್ವಾ?'

ಮಹೇಂದ್ರನ ಮನಸ್ಸೆಂಬ ಗಾಡಿ ಅಲ್ಲೇ ಗೇರು ತಪ್ಪಿತು. 'ತಗೊಳ್ಳಲಾ? ಬ್ಯಾಡ್ವಾ? ತಗೊಳ್ಳಲಾ? ನೀನೇ ಹೇಳು ಬಸಪ್ಪಾ!'

ಬಸಪ್ಪ ಅವನ ಅಂಗೈ ಮೂಸಿತು. ಒಮ್ಮೆ ಉಸಿರುಬಿಟ್ಟಿತು. ಆಮೇಲೆ ಮುಖ ತಿರುಗಿಸಿ, ಬಾಲವನ್ನು ಮಹೇಂದ್ರನ ಕೆನ್ನೆಗೊಮ್ಮೆ ಬೀಸಿ, ಗೆಜ್ಜೆ ಘಲ್ ಘಲ್ ಎನ್ನಿಸುತ್ತ ಅಂಗಳ ದಾಟಿ ಹೋಯಿತು.

ಬಾಗಿಲ ಮರೆಯಲ್ಲಿ ಬಳೆಗಳ ಸದ್ದಾಯಿತು. ಅಮೂಲ್ಯ ಒಳಗೆ ಹೋದಳು.

"ಅಯ್ಯೋ ನಮ್ಮವ್ವಾ!" ಎಂದು ಅಂಕಮ್ಮ ಕುಸಿದಳು. ನಾಗಲಕ್ಷ್ಮಮ್ಮ ಆಗಲೇ ಕಾರಣ ಸಮೇತ ತಯಾರಾಗಿದ್ದಳು. "ನಂಗ್ ಮೊದ್ಲೇ ಗೊತ್ತಿತ್ತು ಕಣಕ್ಕ! ದನಕ್ಕೆ ಸೂಜಿ ಚುಚ್ಚೋ ಗಂಡು! ಬಸಪ್ಪಂಗೆ ಅವ್ನ್ ಕಂಡ್ರೆ ಹೆಂಗಾದದು? ನಿನ್ ತೊಡೆಗೆ ದಿನಾ ಸೂಜಿ ಚುಚ್ಚೋನಿಗೆ ನೀನು ಹೆಣ್ ಕೊಟ್ಟೀಯಾ?"

ಮಹೇಂದ್ರ ತಡವರಿಸಿದ. "ಹನುಮಣ್ಣ, ಒಸಿ... ಇನ್ನೊಂದ್ ಕಿತ..."

"ಏನ್ಲಾ ಅಂದೆ?" ದೊಡ್ಡಹನುಮಯ್ಯ ಕಣ್ಣು ಕೆಂಪಗೆ ಮಾಡಿದ. "ಇದೇನ್ ನಿಮ್ ಸೋರೂಮಾ, ಸರ್ವೀಸ್ ಸರಿಯಾಗ್ಲಿಲ್ಲ ಅಂತ ವಾಪಸ್ ತರಕ್ಕೆ?"

ಆಗಲೇ ಹೇಳಿಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ದೇವರ ಮುಂದೆ ತಂಗಿಯ ಬಾಳು ಬಿಟ್ಟು ಡ್ರಾಗನ್ನಿನ ಆಟದ ವಿಚಾರ ಕೇಳಿದೆ ಎಂದು ಯಾವ ಬಾಯಲ್ಲಿ ಹೇಳುವುದು? ಮಹೇಂದ್ರ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡ. ಹೋಗಲಿಲ್ಲ. ಕೆಸರಲ್ಲವಲ್ಲ, ನಾಚಿಕೆ.

ಸಂಜೆ ಅಮೂಲ್ಯ ಬಂದು ಎದುರು ನಿಂತಳು. ಅತ್ತು ಅತ್ತು ಕಣ್ಣು ಊದಿದ್ದವು. "ಅಣ್ಣ, ನೀನ್ ಸರಿಯಾಗ್ ಮನಸಿಟ್ ಕೇಳ್ದಾ?"

"ಕೇಳ್ದೆ ಕಣಮ್ಮಿ. ಮನಸಿಟ್ಟೇ ಕೇಳ್ದೆ."

ಅದು ಸುಳ್ಳಲ್ಲ. ಹುಟ್ಟಿದಾಗಿನಿಂದ ಅವನು ಅಷ್ಟು ಮನಸ್ಸಿಟ್ಟು ಏನನ್ನೂ ಕೇಳಿರಲಿಲ್ಲ. "ಹಂಗಾದ್ರೆ ಬುಡು, ನನ್ ಹಣೇಬರಹ" ಎಂದು ಅವಳು ಹೊರಟಾಗ, ಸರ್ ಮಹೇಂದ್ರನ ಕಬ್ಬಿಣದ ಅಂಗಿಯೊಳಗೆ ನಮ್ಮ ಮಹೇಂದ್ರ ಹುಳದ ಹಾಗೆ ಮುದುಡಿದ.

ಭಾನುಪ್ರಿಯಳಿಗೆ ಮಾತ್ರ ಹೇಳಿದ. ಅವಳು ಕೇಳಿದ್ದು ಒಂದೇ. "ಬಸಪ್ಪ ಬಾಲ್ದಲ್ಲಿ ಹೊಡೆದದ್ದು ಯಾವ್ ಕೆನ್ನೆಗ್ರೀ?"

"ಎಡಗೆನ್ನೆ."

"ಹಂಗಾದ್ರೆ ಬಲಗೆನ್ನೆ ಅಮೂಲ್ಯಂಗೆ ಬಿಟ್ಟೈತೆ. ಹೋಗಿ ಹೇಳಿ."

ಅವನು ಹೋಗಲಿಲ್ಲ. ಇತ್ತ ಸುದ್ದಿ ಬಸ್ಸು ಹತ್ತಿತ್ತು. ಕೈಲಾಂಚದಲ್ಲಿ ಹತ್ತುವಾಗ ಅದು 'ಸೂಜಿ ಚುಚ್ಚುವ ಗಂಡು ಬಸಪ್ಪನಿಗೆ ಹಿಡಿಸಲಿಲ್ಲ' ಎಂದಷ್ಟೇ ಇತ್ತು. ರಾಮನಗರದಲ್ಲಿ ಇಳಿಯುವಾಗ ಗಂಡಿಗೆ ಹೇಳಬಾರದ ಕಾಯಿಲೆ ಬಂದಿತ್ತು. ಕನಕಪುರ ಮುಟ್ಟುವಷ್ಟರಲ್ಲಿ ಅವನಿಗೆ ಮದುವೆಯಾಗಿ ಅವಳಿ ಮಕ್ಕಳಿದ್ದರು. ಮಾಗಡಿಗೆ ಹೋಗುವ ಹೊತ್ತಿಗೆ ಆ ಅವಳಿಗಳು ಶಾಲೆಗೂ ಸೇರಿಬಿಟ್ಟಿದ್ದರು. ಸೋಲೂರಿನಲ್ಲಿ ದೀಪು ಬ್ಯಾಗು ಹಿಡಿದು ಕೊಟ್ಟಿಗೆಗೆ ಬಂದರೆ ಜನ ಹಸುವಿಗೆ ಅಡ್ಡ ನಿಂತರು. "ಬ್ಯಾಡ ಸಾಮಿ. ಬಸಪ್ಪನೇ ಒಲ್ಲೆ ಅಂದವ್ನ ಕೈ ನಮ್ ಹಸೀಗ್ ಬ್ಯಾಡ."

ಮುಂದಿನ ಭಾನುವಾರ ಸೋಲೂರಿನಿಂದ ಒಂದು ಟೆಂಪೋ ಬಂದು ಅಂಕಮ್ಮನ ಮನೆ ಮುಂದೆ ನಿಂತಿತು. ಅದರಿಂದ ಇಳಿದವರು ದೀಪುವಿನ ತಂದೆ ರಾಮಲಿಂಗಯ್ಯ, ಅವರ ಹಿಂದೆ ನೆಂಟರು, ಎಲ್ಲರ ಹಿಂದೆ ತಲೆ ತಗ್ಗಿಸಿದ ದೀಪು. ರಾಮಲಿಂಗಯ್ಯನವರದು ನಿಧಾನದ ಮಾತು. ಒಂದೊಂದು ಪದವನ್ನೂ ಹಾಲು ಅಳೆದಂತೆ ಅಳೆದು ಹೊಯ್ಯುತ್ತಾರೆ.

"ವಿಸ್ಯಾ... ಏನಪಾ ಅಂದ್ರೆ... ಹೆಣ್ ಕೊಡ್ದಿದ್ರೆ ಬುಡಿ. ಅದ್ಕೆ ಬಂದಿಲ್ಲ. ನನ್ ಮಗನ್ ತಾವ... ಬಸಪ್ಪ ಕಂಡ ಐಬು... ಯಾವ್ದು? ಅದುನ್ನ ಊರ್ ಮುಂದೆ ಹೇಳ್ಬುಡಿ. ತಿದ್ಕತೀವಿ."

ಊರಿಗೆ ಊರೇ ಅಂಗಳದಲ್ಲಿ ನೆರೆಯಿತು. ಬಸಪ್ಪನ ಮಾತು ಬಂದದ್ದರಿಂದ ದೊಡ್ಡಹನುಮಯ್ಯ ಬಸಪ್ಪನನ್ನೇ ಹೊಡೆದುಕೊಂಡು ಬಂದ. ಬಸಪ್ಪ ಒಂದು ಮೂಲೆಯಲ್ಲಿ ನಿಂತು, ಈ ಕೇಸಿಗೂ ತನಗೂ ಸಂಬಂಧವಿಲ್ಲವೆಂಬಂತೆ ಮೆಲುಕು ಹಾಕತೊಡಗಿತು.

"ಐಬು ಗಂಡಿನದಲ್ಲ ಯಜಮಾನ್ರೇ" ಎಂದು ಅಂಕಮ್ಮ ಮುಂದೆ ಬಂದಳು. ಸೆರಗು ಕಣ್ಣಿಗೆ ಒತ್ತಿತ್ತು. "ನಮ್ ಮನೇಲೇ ಏನೋ ತಪ್ಪಾಗೈತೆ. ಹುಳದ್ ಮನೇಲಿ ಮೈಲಿಗೆ ಆಗೈತೋ, ಹರಕೆ ಮರ್ತಿವ್ನೋ. ಗುಡ್ಡದಮ್ಮಂಗೆ ನಾನೇ ಮುಡಿ ಕೊಡ್ತೀನಿ. ತಲೆ ಬೋಳಿಸ್ಕತೀನಿ. ಅಮ್ಮ ಶಾಂತ ಆಗ್ಲಿ."

ಅಂಕಮ್ಮನ ಕೂದಲೆಂದರೆ ಈ ವಯಸ್ಸಿಗೂ ಸೊಂಟ ಮುಟ್ಟುವಂಥದ್ದು. ಅವಳು ಅಲ್ಲೇ ಗಂಟು ಬಿಚ್ಚಿದಳು. ಗಂಡು ಬೀಗರ ಮುಂದೆ ತಾಯಿಯ ಕೂದಲು ಬಿಚ್ಚಿಕೊಂಡದ್ದನ್ನು ನೋಡಿ ಮಹೇಂದ್ರನ ಬಾಯಿ ಅವನ ಅಪ್ಪಣೆ ಕೇಳದೆ ಬಿಚ್ಚಿಕೊಂಡಿತು.

"ಅವ್ವಾ, ಬ್ಯಾಡ! ನಾನು ಗಂಡಿನ ವಿಸ್ಯ ಕೇಳೇ ಇಲ್ಲ!"

ಅಂಗಳದ ತಲೆಗಳೆಲ್ಲ ಅವನ ಕಡೆ ತಿರುಗಿದವು. ಬಸಪ್ಪನೂ ಮೆಲುಕು ನಿಲ್ಲಿಸಿತೆಂದು ನೋಡಿದವರು ಹೇಳುತ್ತಾರೆ.

"ಮತ್ತೇನ್ಲಾ ಕೇಳ್ದೆ?" ಎಂದ ದೊಡ್ಡಹನುಮಯ್ಯ.

"ಗೇಮು."

"ಗೇಮಾ?" ನಾಗಲಕ್ಷ್ಮಮ್ಮ ಎದೆ ಬಡಿದುಕೊಂಡಳು. "ಇಸ್ಪೀಟಾ?"

"ಅಲ್ಲಕ್ಕ. ಕುದ್ರೆ ಮ್ಯಾಲೆ..."

"ರೇಸು! ಕುದ್ರೆ ರೇಸು! ಮನೆ ಮಾರ್ಬುಟ್ನಲ್ಲಪ್ಪೋ!"

"ಅಲ್ಲಾ ಅಂದ್ನಲ್ಲ! ಕತ್ತಿ ಹಿಡ್ದು, ಕೋಟೆ ಒಳಿಕ್ಕೋಗಿ..."

"ದರೋಡೆ!"

ಬಾಯಲ್ಲಿ ಹೇಳಿ ಮುಗಿಯುವಂತಿರಲಿಲ್ಲ. ರಾಮಲಿಂಗಯ್ಯ ಕೈ ಎತ್ತಿ, "ಏನೈತೋ... ಅದುನ್ನ... ತೋರ್ಸಪ್ಪ" ಎಂದರು. ಸೊಪ್ಪಿನ ರೂಮಿಗೆ ಹೊರಗಿನವರು ಹೋಗುವಂತಿಲ್ಲ. ಕಟ್ಟಳೆ ಕಟ್ಟಳೆಯೇ. ಹಾಗಾಗಿ ಮಹೇಂದ್ರನೇ ಟಿ.ವಿ.ಯನ್ನು ತಬ್ಬಿಕೊಂಡು ಹೊರಗೆ ತಂದ. ಅದರ ಮೇಲೆ ಹಿಪ್ಪುನೇರಳೆ ಎಲೆಯೊಂದು ಅಂಟಿತ್ತು. ಹುಡುಗರು ವೈರು ಎಳೆದರು. ದೀಪ ಹಚ್ಚುವ ಹೊತ್ತಲ್ಲದ ಹೊತ್ತಿನಲ್ಲಿ ಅಂಗಳದ ಮಧ್ಯೆ ಥಾರ್ನ್‌ಗಾರ್ಡ್ ಬೆಳಗಿತು. ಕೊಂಬು ಕಹಳೆ ಮೊಳಗಿದವು. ಕರಿಯನ ಮೇಲೆ ಸರ್ ಮಹೇಂದ್ರ ಸವಾರಿ ಬಂದ.

ಅಷ್ಟು ದೊಡ್ಡ ಕೋಟೆಗಳನ್ನು ಗೆದ್ದ ಸರ್ ಮಹೇಂದ್ರ, ಅಂದು ಊರವರ ಮುಂದೆ, ಮೊಣಕಾಲುದ್ದದ ಒಂದು ಹಸಿರು ಕುಳ್ಳ ಭೂತದ ಕೈಯಲ್ಲಿ ಸತ್ತ. ಒತ್ತಬೇಕಾದ ಗುಂಡಿ ತಪ್ಪಿತು. ಮತ್ತೆ ಎದ್ದ. ಮತ್ತೆ ಅದೇ ಭೂತ. ಮತ್ತೆ ಸತ್ತ. ಕುದುರೆ ಒಂಟಿಯಾಗಿ ನಿಂತು ಹುಲ್ಲು ಮೇಯತೊಡಗಿತು.

"ಕುದ್ರೆ ಚೆನ್ನಾಗಿ ಸಾಕವ್ನೆ" ಎಂದ ದೊಡ್ಡಹನುಮಯ್ಯ, ನ್ಯಾಯವಾಗಿ.

ರಾಮಲಿಂಗಯ್ಯ ಟಿ.ವಿ.ಯ ಕಡೆ ಬೆರಳು ತೋರಿಸಿದರು. "ಇದುನ್ನ... ತಗೊಳ್ಳದಾ ಬ್ಯಾಡ್ವಾ ಅಂತ... ಬಸಪ್ಪನ್ನ... ಕೇಳ್ದಾ?"

"ಇದುನ್ನಲ್ಲ ಯಜಮಾನ್ರೇ. ಇದ್ರ ಎರಡನೇ ಭಾಗ."

ಅಂಕಮ್ಮ ಬಿಚ್ಚಿದ ಕೂದಲಲ್ಲೇ ಮಗನ ಹತ್ತಿರ ಬಂದಳು. ದನಿ ಬಹಳ ಮೆತ್ತಗಿತ್ತು. "ಮಗಾ... ಟ್ರೈನಿಂಗು?"

ಮಹೇಂದ್ರ ನೆಲ ನೋಡಿದ. "ಇದೇ ಕಣವ್ವ."

ಅಂಕಮ್ಮ ಏನೂ ಬೈಯಲಿಲ್ಲ. ನಾಗಲಕ್ಷ್ಮಮ್ಮನ ಕಡೆ ಒಮ್ಮೆ ತಿರುಗಿ ನೋಡಿದಳು. ಇಷ್ಟು ದಿನ ಊರಿಗೆಲ್ಲ ಹೇಳಿಕೊಂಡು ಬಂದಿದ್ದ ಪ್ರಮೋಷನ್ನನ್ನು ಒಂದೊಂದಾಗಿ ವಾಪಸ್ಸು ಇಸಿದುಕೊಳ್ಳುವವಳಂತೆ ನಿಂತಳು. ಬೈದಿದ್ದರೆ ಚೆನ್ನಾಗಿತ್ತು. ಬಸಪ್ಪನ ಬಾಲಕ್ಕಿಂತ ಆ ನೋಟ ಬಲವಾಗಿ ಬಿತ್ತು, ಬಲಗೆನ್ನೆಗೇ. ಟಿ.ವಿ.ಯಲ್ಲಿ ಸರ್ ಮಹೇಂದ್ರ ಮೂರನೇ ಸಲ ಸತ್ತಿದ್ದ. ಅಂಗಳದಲ್ಲಿದ್ದ ಮಹೇಂದ್ರನಿಗೆ ಆ ಸೌಕರ್ಯವೂ ಇರಲಿಲ್ಲ.

ಆಗ ನಕ್ಕವಳು ಅಮೂಲ್ಯ. ಬಾಗಿಲಲ್ಲಿ ನಿಂತು ಒಂದೇ ಸಮ ಅಳುತ್ತ ನಗತೊಡಗಿದಳು. "ಹಂಗಾದ್ರೆ ಬಸಪ್ಪ ನಮ್ಮನ್ನ ಬ್ಯಾಡ ಅಂದಿಲ್ವಾ?" ಆ ಕಡೆ ದೀಪುವಿನ ತಲೆ ಮೆಲ್ಲಗೆ ಮೇಲೆದ್ದಿತು.

"ಅಂದಿಲ್ಲ, ಸರಿ" ಎಂದ ದೊಡ್ಡಹನುಮಯ್ಯ. "ಆದ್ರೆ ಹೂಂ ಅಂತಾನೂ ಅಂದಿಲ್ಲ. ಈ ಮನೆ ಪಾಲಿನ್ ಅಪ್ಣೆ ಆ ಗೇಮಿಗೆ ಮುಗ್ದೋಯ್ತು. ಇನ್ನು ಯುಗಾದಿಗೇಯ."

ಎಲ್ಲರ ಮುಖವೂ ಮತ್ತೆ ಇಳಿಯಿತು. ರಾಮಲಿಂಗಯ್ಯ ಹೆಗಲ ಮೇಲಿನ ಟವೆಲನ್ನು ನಿಧಾನಕ್ಕೆ ತೆಗೆದು ನೆಲಕ್ಕೆ ಹಾಸಿದರು. "ನಮ್ ಮನೇದು... ಐತಲ್ಲಪ್ಪ. ನಾವು... ಏನೂ ಕೇಳಿಲ್ಲ." ಮಂಡಿಯೂರಿ ಅಂಗೈ ಚಾಚಿದರು.

"ಒಸಿ ತಡೀರಿ" ಎಂದು ದೊಡ್ಡಹನುಮಯ್ಯ ಅವರ ಜೇಬಿಗೇ ಕೈ ಹಾಕಿ ಫೋನು ತೆಗೆದು, ಮಹೇಂದ್ರನ ಕೈಗೆ ಕೊಟ್ಟ. "ಈಗ ಕೇಳ್ಕಳಿ."

ನಿಧಾನಸ್ಥರಾದ ರಾಮಲಿಂಗಯ್ಯ ಮನಸ್ಸಿನಲ್ಲೂ ನಿಧಾನವಾಗಿಯೇ ಕೇಳಿಕೊಂಡಿರಬೇಕು. ಬಸಪ್ಪ ಕಾಯಿತು. ಪೂರ್ತಿ ಕೇಳಿಸಿಕೊಂಡ ಮೇಲೆ ಬಂದು, ಮೂಸಿ, ಮುಂಗಾಲೆತ್ತಿ, ಚಾಚಿದ ಅಂಗೈಗಳ ಮೇಲೆ ಪಾದವನ್ನು ಹೂವಿನಂತೆ ಇಟ್ಟಿತು. ಹೆಂಗಸರು ಕೈ ಮುಗಿದರು. ಅಂಕಮ್ಮ ಕೂದಲನ್ನು ಮತ್ತೆ ಗಂಟು ಹಾಕಿದಳು. ಸೋಲೂರಿನವರು ಕಾಫಿ ಕುಡಿದರು. ಮಾಗಡಿಯಲ್ಲಿ ಶಾಲೆಗೆ ಹೋಗುತ್ತಿದ್ದ ಅವಳಿ ಮಕ್ಕಳು ಅಂದೇ ಮಾಯವಾದರು.

ಮಹೇಂದ್ರ, 'ಲಾಸ್ಟ್ ಚಾನ್ಸ್' ಎಂದರೂ ಡಿಸ್ಕನ್ನು ಇನ್ನೂ ಮಾರದೆ ಇಟ್ಟಿದ್ದ ಅಕ್ರಮನಿಗೆ ಫೋನು ಮಾಡಿ, ಜೀವನದಲ್ಲಿ ಮೊದಲ ಸಲ ತಡವರಿಸದೆ, "ಬ್ಯಾಡ" ಎಂದ.

"ಯಾಕ್ ಭಾಯ್? ಯಾರು ಹೇಳಿದ್ರು?"

"ನಮ್ಮೂರ್ ಬಸಪ್ಪ."

ಅಕ್ರಮ್, "ನಮ್ ಅಂಗ್ಡಿ ಪಕ್ಕದ ಬೇಕರಿ ಬಸಪ್ಪಾನಾ? ಅವ್ನಿಗೇನ್ ಗೊತ್ತು ಗೇಮ್ ಬಗ್ಗೆ!" ಎಂದ. ಮಹೇಂದ್ರ ತಿದ್ದಲು ಹೋಗಲಿಲ್ಲ. ಹೇಳಿಕೊಂಡದ್ದು ಆ ವಾರಕ್ಕೆ ಸಾಕಷ್ಟಾಗಿತ್ತು.

ಆದರೆ ನಿಶ್ಚಿತಾರ್ಥದ ದಿನ ಬೀಗರ ಸಮ್ಮುಖದಲ್ಲಿ ದೀಪು ಒಂದು ಪೊಟ್ಟಣ ಹಿಡಿದು ಬಂದ. ಒಳ್ಳೆಯ ಹುಡುಗ, ಊರ ಮುಂದೆ ತಲೆ ತಗ್ಗಿಸುವುದು ಹೇಗಿರುತ್ತದೆಂದು ಅವನಿಗೆ ಆಗಷ್ಟೇ ಗೊತ್ತಾಗಿತ್ತು. ಸ್ಟೇಷನ್ ರಸ್ತೆಗೆ ಹೋಗಿ ಅಕ್ರಮನ ಅಂಗಡಿಯಲ್ಲಿ ಕೊಂಡು ತಂದಿದ್ದ. "ಭಾವ, ನಂ ಮರ್ವಾದೆ ಉಳ್ಸಕ್ಕೆ ನೀವು ನಿಮ್ದು ಕಳ್ಕಂಡ್ರಿ. ತಗೊಳ್ಳಿ."

ಥಾರ್ನ್‌ಗಾರ್ಡ್, ಎರಡನೇ ಭಾಗ. ಮೇಲೆ ಬಂಗಾರದ ಅಕ್ಷರ.

ಎಲ್ಲರ ಕಣ್ಣೂ ಮಹೇಂದ್ರನ ಮೇಲೆ. ತಗೊಂಡರೆ ಬಸಪ್ಪನ ಮಾತು ಮೀರಿದಂತೆ; ಬೇಡವೆಂದರೆ ನಿಶ್ಚಿತಾರ್ಥದ ದಿನ ಅಳಿಯನ ಉಡುಗೊರೆ ತಿರಸ್ಕರಿಸಿದಂತೆ. ಮಹೇಂದ್ರನ ಕೈ ಅರ್ಧ ಮುಂದೆ ಹೋಯಿತು, ಅರ್ಧ ಹಿಂದೆ ಬಂತು, ದೋಸೆಯ ಮುಂದೆ ನಿಲ್ಲುವ ಹಾಗೆ ನಿಂತಿತು. ನಾಗಲಕ್ಷ್ಮಮ್ಮ ಪಿಸುಗುಟ್ಟಿದಳು, "ಬಸಪ್ಪನ್ನ ಕೇಳನಾಂದ್ರೆ, ಯುಗಾದಿ ದೂರ ಐತೆ."

ಅಂಕಮ್ಮ ಮುಂದೆ ಬಂದು ಪೊಟ್ಟಣ ಇಸಿದುಕೊಂಡಳು. ಯಾರನ್ನೂ ಕೇಳಲಿಲ್ಲ. ನೆಟ್ಟಗೆ ದೇವರ ಗೂಡಿಗೆ ಹೋಗಿ, ಗುಡ್ಡದಮ್ಮನ ಫೋಟೋ ಪಕ್ಕ ಅದನ್ನು ಒರಗಿಸಿ, ಡ್ರಾಗನ್ನಿನ ಹಣೆಗೆ ಕುಂಕುಮ ಇಟ್ಟು, ತಲೆಗೊಂದು ಹೂವು ಏರಿಸಿದಳು. "ಅಳಿಯಂದ್ರು ಕೊಟ್ಟಿದ್ದು ಮನೇಲೇ ಇರ್ಲಿ. ಬಸಪ್ಪ ಬ್ಯಾಡ ಅಂದಿದ್ದು ದ್ಯಾವ್ರ ತಾವ್ಲೇ ಇರ್ಲಿ" ಎಂದಳು. ಮಗ ಇಷ್ಟು ದಿನ ಮನಸ್ಸನ್ನು ಎರಡು ಭಾಗ ಮಾಡಿಕೊಂಡು ಒದ್ದಾಡಿದ್ದನ್ನು ತಾಯಿ ಒಂದು ಹೂವಿನಲ್ಲಿ ಮುಗಿಸಿದ್ದಳು.

ಇದಾದ ಮೇಲೆ ಮಹೇಂದ್ರನಲ್ಲಿ ಭಕ್ತಿ ಹೆಚ್ಚಾಗಿದೆ. ದೇವರ ಗೂಡು ಒರೆಸಿ ದೀಪ ಹಚ್ಚುವ ಕೆಲಸವನ್ನು ತಾನೇ ವಹಿಸಿಕೊಂಡಿದ್ದಾನೆ. ಕೈ ಮುಗಿದು ಬಹಳ ಹೊತ್ತು ನಿಲ್ಲುತ್ತಾನೆ. ಅಂಕಮ್ಮ ಮತ್ತೆ ಊರಿಗೆಲ್ಲ ಹೇಳತೊಡಗಿದ್ದಾಳೆ: "ಏನೇ ಅನ್ಲಿ, ನನ್ ಮಗಂಗೆ ಬುದ್ಧಿ ಬಂತು."

ಭಾನುಪ್ರಿಯ ಈ ಸಲವೂ ಯಾರಿಗೂ ಏನೂ ಹೇಳಿಲ್ಲ. ಆದರೆ ಅವಳು ಗಮನಿಸಿದ್ದಾಳೆ. ಗಂಡ ಗೂಡು ಒರೆಸುವ ನೆಪದಲ್ಲಿ ಪೊಟ್ಟಣವನ್ನು ದಿನಾ ಹಿಂದುಮುಂದಾಗಿ ತಿರುಗಿಸುತ್ತಾನೆ. ಕುಂಕುಮ ಇಡುವಾಗ ಹಿಂಬದಿಯ ಒಂದು ಮೂಲೆಯನ್ನು ಮಾತ್ರ ಬಹಳ ಜೋಪಾನವಾಗಿ ಬಿಡುತ್ತಾನೆ. ಅಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದೆ: ಹಳೆಯ ಕುದುರೆಯನ್ನು ವಾಪಸ್ಸು ಪಡೆಯುವುದು ಹೇಗೆ ಎಂದು.